ಹೆಣ್ಣುಮಕ್ಕಳ ಸಂಬಂಧ, ಮನೆ, ಗೆಳೆತನದ ಬಗ್ಗೆ ಮನಮುಟ್ಟುವ ಕನ್ನಡ ಕಾದಂಬರಿ ಓದಬೇಕು. ಯಾವುದರಿಂದ ಶುರು ಮಾಡಲಿ?

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಿಂದ ಶುರು ಮಾಡಿ. ಕಣ್ಣೀರು ಹಾಕಿಸಲೆಂದೇ ಬರೆದ ಪುಸ್ತಕವಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಮಲೆನಾಡಿನ ತುಂಬು ಮನೆ, ಅದರಲ್ಲೊಬ್ಬಳು ಬಾಲವಿಧವೆ. ಲೇಖಕಿಯ ಬಂಧುವೇ ಆಗಿದ್ದ ಹೆಂಗಸಿನ ಬದುಕು. ಮಡಿ, ಒಪ್ಪೊತ್ತು ಅಂತ ಹೇರಿದ್ದನ್ನೆಲ್ಲ ಎದುರಾಡದೆ ಹೊತ್ತ ಫಣಿಯಮ್ಮ, ಮುಪ್ಪಿನಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಲ್ಲುತ್ತಾಳೆ. ತನಗೆ ಸಿಗದೇ ಹೋದದ್ದು ಇವಳಿಗಾದರೂ ಸಿಗಲಿ ಅನ್ನುವ ಆ ನಿಲುವೇ, ನನ್ನ ಪ್ರಕಾರ, ಕಾದಂಬರಿಯ ಜೀವಾಳ. ಅದನ್ನು ಗೆಳೆತನ ಅಂತ ಯಾರೂ ಕರೆಯಲಿಕ್ಕಿಲ್ಲ, ಆದರೂ ನಾನು ಕರೆಯುತ್ತೇನೆ.

ಆಮೇಲೆ ತ್ರಿವೇಣಿ ಅವರ ‘ಶರಪಂಜರ’. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ತುತ್ತಾದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರ ಕಣ್ಣಿಗೆ ಮಾತ್ರ ಇನ್ನೂ ಹುಚ್ಚಿಯೇ. ಗಂಡನೂ ದೂರವಾಗುತ್ತಾನೆ. ಪುಟ್ಟಣ್ಣ ಕಣಗಾಲ್ ಅವರ 1971ರ ಸಿನಿಮಾ ನೋಡಿದ್ದರೂ ಪುಸ್ತಕ ಓದಿ, ಅದರ ದನಿ ಬೇರೆ. 1963ರಲ್ಲಿ ತೀರಿಕೊಂಡಾಗ ತ್ರಿವೇಣಿ ಅವರಿಗೆ 35 ತುಂಬಿರಲಿಲ್ಲ. ಇದು ಹಿಡಿಸಿದರೆ ಅವರ ‘ಬೆಕ್ಕಿನ ಕಣ್ಣು’ ಕೂಡ ಹುಡುಕಿ.