ಎಪಿನಾ, ರನ್ನಿಂಗ್ ಸ್ಟಾರ್ಟಾ?

ನಿಮ್ಮ ಮಗ ಸಿಯಾಟಲ್ ಹತ್ತಿರ 10ನೇ ಕ್ಲಾಸಿನಲ್ಲಿದ್ದಾನೆ, ಕಾಲೇಜು ಕ್ರೆಡಿಟ್‌ಗೆ, ಅಂದರೆ ಮುಂದೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಓದಿಗೆ, ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಒಳ್ಳೆಯದಾ, ರನ್ನಿಂಗ್ ಸ್ಟಾರ್ಟ್ ಒಳ್ಳೆಯದಾ ಅಂತ ಕೇಳಿದ್ದೀರಿ. ನನ್ನ ಮಗಳು ಇದೇ ವಾಷಿಂಗ್ಟನ್ ರಾಜ್ಯದಲ್ಲಿ ಎರಡನ್ನೂ ಮಾಡಿದಳು. ನಾನು ಹೇಳುವುದು ಒಂದೇ: ಅವನು ಮುಂದೆ ಯಾವ ಕಾಲೇಜಿಗೆ ಹೋಗಬೇಕು ಅಂತಿದ್ದಾನೆ, ಮೊದಲು ಅದನ್ನು ನೋಡಿ.

ಎಪಿ ಸುಲಭಕ್ಕೆ ಅರ್ಥವಾಗುತ್ತದೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಸ್ಕೋರು. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ 3 ಬಂದರೂ ಕ್ರೆಡಿಟ್ ಸಿಗುತ್ತದೆ. ಅದೇ ಖಾಸಗಿ ವಿಶ್ವವಿದ್ಯಾಲಯವಾದ ಎಂಐಟಿಯಲ್ಲಿ ಕ್ಯಾಲ್ಕ್ಯುಲಸ್ ಬಿಸಿ ಎನ್ನುವ ಎಪಿ ಗಣಿತ ಪರೀಕ್ಷೆಗೆ 5 ಬಂದರೆ ಮಾತ್ರ.

ರನ್ನಿಂಗ್ ಸ್ಟಾರ್ಟ್ ಬೇರೆಯೇ. 11, 12ನೇ ಕ್ಲಾಸಿನ ಮಕ್ಕಳು ಕಮ್ಯೂನಿಟಿ ಕಾಲೇಜಿಗೇ (ಊರಿನ ಸರ್ಕಾರಿ ಕಾಲೇಜು) ಹೋಗಿ, ದೊಡ್ಡವರ ಪಕ್ಕ ಕೂತು ಓದುತ್ತಾರೆ. ಟ್ಯೂಷನ್ ಫೀಸು ನಾವು ಕಟ್ಟಬೇಕಿಲ್ಲ. ಪುಸ್ತಕ, ಓಡಾಟದ ಖರ್ಚು ನಮ್ಮದು. ಕಾಲೇಜಿನ 5 ಕ್ರೆಡಿಟ್ಟಿನ ಒಂದು ಕೋರ್ಸು ಹೈಸ್ಕೂಲಿನ 1 ಕ್ರೆಡಿಟ್‌ಗೆ ಸಮ. ಅಂದರೆ ಹೈಸ್ಕೂಲಿನವರು ಒಂದು ವರ್ಷ ಓದುವುದನ್ನು ಇವರು ಒಂದು ಕ್ವಾರ್ಟರಿನಲ್ಲಿ ಮುಗಿಸುತ್ತಾರೆ. ಅದು ಹತ್ತು ಹನ್ನೊಂದು ವಾರ, ಅಷ್ಟೇ.

ಆ ವೇಗ ನಮಗೆ ಗೊತ್ತಿರಲಿಲ್ಲ. ಮಗಳಿಗೆ ಬೆಳಿಗ್ಗೆ ಹೈಸ್ಕೂಲು, ಮಧ್ಯಾಹ್ನ ಕಾಲೇಜು. ನಡುವೆ ಕಾರಿನಲ್ಲೇ ಡಬ್ಬಿ ತೆಗೆದು ಚಿತ್ರಾನ್ನ ತಿನ್ನುತ್ತಿದ್ದಳು, ತೊಡೆಯ ಮೇಲೆ ಕೆಮಿಸ್ಟ್ರಿ ಪುಸ್ತಕ. ನಾಲ್ಕನೇ ವಾರಕ್ಕೇ ಮಿಡ್‌ಟರ್ಮ್ ಪರೀಕ್ಷೆ ಬಂತು. ಆಗ ಪಾಪ ಜ್ವರದಲ್ಲಿದ್ದಳು. ಕೊನೆಗೆ ಸಿ ಗ್ರೇಡ್. ನಡುವೆ ಏನಾಗುತ್ತಿದೆ ಅಂತ ನಾನು ಕಾಲೇಜಿಗೆ ಫೋನ್ ಮಾಡಿದರೆ, ಅವಳ ಒಪ್ಪಿಗೆ ಇಲ್ಲದೆ ಹೇಳಲು ಆಗುವುದಿಲ್ಲ ಎಂದರು. ಹದಿನಾರು ವರ್ಷದ ಹುಡುಗಿ! ಆದರೆ ಕಾಲೇಜಿಗೆ ಕಾಲಿಟ್ಟ ಮೇಲೆ ಅಲ್ಲಿನ ದಾಖಲೆಯ ಹಕ್ಕು ಅವಳದೇ, ಇಲ್ಲಿನ ಕಾನೂನು ಹಾಗಿದೆ.

ಎಪಿಯಲ್ಲಿ ಸ್ಕೋರು ಕಮ್ಮಿ ಬಂದರೆ ಬಹಳಷ್ಟು ಕಾಲೇಜುಗಳಿಗೆ ಅದನ್ನು ಕಳಿಸದೆ ಸುಮ್ನೆ ಬಿಡಬಹುದು. ಕಾಲೇಜಿನ ಗ್ರೇಡ್ ಹಾಗಲ್ಲ, ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಉಳಿದುಬಿಡುತ್ತದೆ. ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ತೆಗೆದುಕೊಂಡ ಕಾಲೇಜು ಕೋರ್ಸುಗಳ ಗ್ರೇಡನ್ನೂ ತೋರಿಸಬೇಕು. ಡಾಕ್ಟರ್ ಆಗಬೇಕು ಅನ್ನುವ ಮಗುವಿನ ಅಪ್ಪ ಅಮ್ಮನಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನನಗೆ ಅದೇ ಬೇಜಾರು.

ಹಾಗಂತ ಬೇಡ ಅನ್ನುತ್ತಿಲ್ಲ. ಮುಂದಿನ ಕ್ವಾರ್ಟರಿನಲ್ಲಿ ಅವಳು ಇಂಗ್ಲಿಷ್ ಒಂದನ್ನೇ ತೆಗೆದುಕೊಂಡಳು, ಬಹಳ ಚೆನ್ನಾಗಿ ಮಾಡಿದಳು. ನಿಮ್ಮ ಮಗ ವಾಷಿಂಗ್ಟನ್ನಿನ ಸರ್ಕಾರಿ ಕಾಲೇಜಿಗೇ ಹೋಗುವವನಾದರೆ, ತಾನೇ ಕೂತು ಓದುವ ಅಭ್ಯಾಸವಿದ್ದರೆ, ರನ್ನಿಂಗ್ ಸ್ಟಾರ್ಟ್ ಧೈರ್ಯವಾಗಿ ಕೊಡಿಸಿ. ಮೊದಲ ಕ್ವಾರ್ಟರ್ ಒಂದೇ ಕೋರ್ಸು ಸಾಕು. ಹೊರರಾಜ್ಯದ ಖಾಸಗಿ ಕಾಲೇಜು ಮನಸ್ಸಿನಲ್ಲಿದ್ದರೆ ಎಪಿಯೇ ಜಾಸ್ತಿ ಭದ್ರ, ಆದರೂ ಆ ಕಾಲೇಜಿನ ಕ್ರೆಡಿಟ್ ನಿಯಮ ಓದಿಯೇ ತೀರ್ಮಾನ ಮಾಡಿ.

ಇನ್ನೊಂದು ಮಾತು. ಪ್ರತಿ ಕೋರ್ಸಿನ ಸಿಲಬಸ್ ಇಟ್ಟುಕೊಳ್ಳಿ. ಮಗಳು ಸೇರಿದ ಕಾಲೇಜಿನವರು ಎರಡು ವರ್ಷದ ಮೇಲೆ ಇಂಗ್ಲಿಷ್ ಕೋರ್ಸಿನ ಸಿಲಬಸ್ ಕೇಳಿದರು. ಅವಳ ಹಳೇ ಫೋಲ್ಡರಿನಲ್ಲಿ ಸಿಕ್ಕಿತು, ಕ್ರೆಡಿಟ್ ಬಂತು.