ಜಿಂಕೆ ಬೇಟೆ ಸೀಸನ್ನಿಗೆ ಮುಂಚೆ ಗುಂಡು ಟೆಸ್ಟ್ ಮಾಡೋಕೆ ಮನೇಲೇ ಜೆಲಟಿನ್ ಬ್ಲಾಕ್ (ಮಾಂಸದ ಬದಲು ಇಟ್ಟು ಹೊಡೆಯೋ ಜೆಲ್ ಗಟ್ಟಿ) ಮಾಡ್ಬಹುದಾ, ಎಷ್ಟು ದಿನ ಇಡ್ಬಹುದು, ಜೆಲಟಿನ್ ಬದಲು ಚೈನಾ ಗ್ರಾಸ್ ಹಾಕ್ಬಹುದಾ?

ಆರಾಮಾಗಿ ಮಾಡ್ಬಹುದು. ನಾನಿರೋದು ಟೆಕ್ಸಾಸಲ್ಲಿ, ನಿಮ್ ಥರಾನೇ ಜಿಂಕೆ ಸೀಸನ್ನಿಗೆ ಮುಂಚೆ ತಗೊಂಡಿರೋ ಗುಂಡಿನ ತುದಿ ಬಡಿದಾಗ ಸರಿಯಾಗಿ ಅರಳಿ ಅಗಲ ಆಗುತ್ತಾ, ಎಷ್ಟು ಆಳ ಇಳಿಯುತ್ತೆ ಅಂತ ನೋಡೋಕೆ ಶುರು ಮಾಡಿದ್ದು. ಬೇಯ್ಸೋದು ಏನೂ ಕಷ್ಟ ಇಲ್ಲ ಕಣ್ರೀ, ಜನ ಎಡವೋದು ಟೆಂಪರೇಚರಲ್ಲಿ.

ಲೆಕ್ಕ ಸಿಂಪಲ್, ತೂಕದಲ್ಲಿ 10 ಪರ್ಸೆಂಟ್, ಅಂದ್ರೆ 1 ಕೆಜಿ ಪುಡಿಗೆ 9 ಲೀಟರ್ ನೀರು. 6 ಇಂಚು ಅಗಲ, 6 ಇಂಚು ಎತ್ತರ, 16 ಇಂಚು ಉದ್ದದ ಬ್ಲಾಕಿಗೆ ಇದು ಹತ್ರತ್ರ ಸರಿಹೋಗುತ್ತೆ. ಪುಡಿ 250 ಬ್ಲೂಮ್ (ಜೆಲ್ ಎಷ್ಟು ಗಟ್ಟಿ ಅನ್ನೋ ಅಳತೆ), ಟೈಪ್ ಎ (ಹಂದಿ ಚರ್ಮದ್ದು) ಅಂತ ಕೇಳಿ ತಗೊಳ್ಳಿ. ಅಂಗಡೀಲಿ ಸಿಗೋ ನಾಕ್ಸ್ ಬ್ರ್ಯಾಂಡ್ ಅಡುಗೆ ಜೆಲಟಿನ್ ಪ್ಯಾಕೆಟಲ್ಲೂ ಮಾಡ್ಬಹುದು ಆದ್ರೆ ಒಂದೊಂದರಲ್ಲಿ ಇರೋದೇ 7 ಗ್ರಾಂ, 140 ಪ್ಯಾಕೆಟ್ ಹರೀತಾ ಕೂರ್ಬೇಕು. ಚೈನಾ ಗ್ರಾಸ್ ಹಾಕ್ಬಹುದಾ ಅಂತಾನೂ ಕೇಳಿದೀರಲ್ಲ, ಬೇಡ, ಅದು ಪಟಕ್ ಅಂತ ಒಡೆಯುತ್ತೆ, ಜೆಲಟಿನ್ ಥರ ಹಿಗ್ಗಿ ವಾಪಸ್ ಬರಲ್ಲ.

ಪುಡೀನ ತಣ್ಣೀರಿಗೆ ಸ್ವಲ್ಪ ಸ್ವಲ್ಪಾನೇ ಉದುರಿಸ್ತಾ ನಿಧಾನಕ್ಕೆ ತಿರುಗ್ಸಿ, ಜೋರಾಗಿ ಕಡೆದ್ರೆ ಬರೀ ನೊರೆ. ಎರಡು ಗಂಟೆ ಫ್ರಿಜ್ಜಲ್ಲಿ ನೆನೀಲಿ. ಆಮೇಲೆ ಪಾತ್ರೇನ ಬಿಸಿನೀರಿನ ಟಬ್ಬಲ್ಲಿ ಇಟ್ಟು ಕರಗಿಸಿ, 40 ಡಿಗ್ರಿ ದಾಟಿಸ್ಬೇಡಿ. ಮೊದಲ್ನೇ ಸಲ ನಾನು ಪಾಯಸ ಕುದಿಸ್ದಂಗೆ ಒಲೆ ಮೇಲಿಟ್ಟು ಕುದಿಸ್ಬಿಟ್ಟೆ, ನೋಡೋಕೆ ಚೆನ್ನಾಗೇ ಸೆಟ್ ಆಯ್ತು, ಆದ್ರೆ ಜಾಸ್ತಿ ಬಿಸಿ ತಾಗಿದ್ರೆ ಜೆಲಟಿನ್ನಿನ ಬಲಾನೇ ಹೋಗಿರುತ್ತೆ, ಅದು ಕಣ್ಣಿಗೆ ಕಾಣಲ್ಲ, ಹೊಡೆದಾಗ್ಲೇ ಗೊತ್ತಾಗೋದು.

ಅದಕ್ಕೇ ಬಿಬಿ ಟೆಸ್ಟ್, ಬಿಬಿ ಅಂದ್ರೆ ಏರ್‌ಗನ್ನಿನ ಪುಟ್ಟ ಗೋಲಿ. 4.5 ಎಂಎಂ ಸ್ಟೀಲ್ ಬಿಬಿನ ಏರ್‌ಗನ್ನಲ್ಲಿ ಸೆಕೆಂಡಿಗೆ 590 ಅಡಿ ವೇಗದಲ್ಲಿ ಹೊಡೀಬೇಕು, 15 ಅಡಿ ಆಚೀಚೆ ಆದ್ರೆ ಪರ್ವಾಗಿಲ್ಲ, 4 ಡಿಗ್ರಿಗೆ ತಣ್ಣಗಾದ ಬ್ಲಾಕಲ್ಲಿ ಅದು ಏಳೂವರೆಯಿಂದ ಒಂಬತ್ತೂವರೆ ಸೆಂಟಿಮೀಟರ್ ಒಳಗೆ ನಿಲ್ಬೇಕು. ವೇಗ ಅಳೆಯೋಕೆ ಕ್ರೋನೋಗ್ರಾಫ್ ಇರ್ಲೇಬೇಕು. ನನ್ನ ಪಾಯಸದ ಬ್ಲಾಕಲ್ಲಿ ಬಿಬಿ 12 ಸೆಂಟಿಮೀಟರ್ ಇಳಿದಿತ್ತು, ಅಂಥದಕ್ಕೆ ರೈಫಲಲ್ಲಿ ಹೊಡೆದು ಬರೆದುಕೊಂಡ ಅಳತೆಗೆ ಬೆಲೆ ಇಲ್ಲ, ಸುಮ್ನೆ ಗುಂಡು ದಂಡ.

ಈ 10 ಪರ್ಸೆಂಟ್, 4 ಡಿಗ್ರಿ ಲೆಕ್ಕಾನ 80ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಮನ್ ಮಿಲಿಟರಿ ಲ್ಯಾಬಲ್ಲಿ ಮಾರ್ಟಿನ್ ಫ್ಯಾಕ್ಲರ್ ಅನ್ನೋ ಸರ್ಜನ್ ಹಂದಿ ಮಾಂಸಖಂಡದ ಜೊತೆ ಹೋಲ್ಸಿ ನೋಡಿ ಗಟ್ಟಿ ಮಾಡಿದ್ದು. 1986ರಲ್ಲಿ ಮಯಾಮೀಲಿ ದರೋಡೆಕೋರರ ಜೊತೆ ಗುಂಡಿನ ಚಕಮಕಿ ಆದ್ಮೇಲೆ ಎಫ್‌ಬಿಐನೋರೂ ಇದೇ ಹಿಡ್ಕೊಂಡ್ರು, ಗುಂಡು ಜೆಲ್ಲಲ್ಲಿ 12ರಿಂದ 18 ಇಂಚು ಇಳೀಬೇಕು ಅನ್ನೋ ಅವರ ಮಾತು ಬಂದಿದ್ದು ಅಲ್ಲಿಂದ. ನೇಟೋ ರೀತಿ ಬೇರೆ, 20 ಪರ್ಸೆಂಟ್, 10 ಡಿಗ್ರಿ. ಯಾವುದೋ ವಿಡಿಯೋದಲ್ಲಿ ನೋಡಿದ ನಂಬರನ್ನ ನಿಮ್ಮ ಬ್ಲಾಕಿಗೆ ಹೋಲ್ಸೋ ಮುಂಚೆ ಅವರು ಯಾವ ಜೆಲ್ ಬಳಸಿದಾರೆ ನೋಡ್ಕೊಳ್ಳಿ.

ಇನ್ನು ಇಡೋ ವಿಚಾರ. ಅಚ್ಚಿಗೆ ಸುರಿದು ಗಟ್ಟಿಯಾದ್ಮೇಲೆ ಗಾಳಿ ಹೋಗ್ದಂಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ 4 ಡಿಗ್ರೀಲಿ ಒಂದೂವರೆ ದಿನ ಆದ್ರೂ ಇರ್ಲಿ, ಹೊರಗೆ ತಣ್ಣಗಾಗಿದ್ರೂ ನಡುವೆ ತಣ್ಣಗಾಗೋಕೆ ಅಷ್ಟು ಹೊತ್ತು ಬೇಕು. ಸುತ್ತದೆ ಬಿಟ್ರೆ ಮೇಲೆ ಒಣಗಿ ಚರ್ಮ ಕಟ್ಟುತ್ತೆ. ಫ್ರೀಜರಲ್ಲಿ ಖಂಡಿತಾ ಇಡ್ಬೇಡಿ, ಐಸ್ ಕಟ್ಟಿ ಒಳಗಿನ ರಚನೆ ಹರಿದುಹೋಗುತ್ತೆ. ನಾನು ಮಾಡಿದ ಮೂರ್ನಾಲ್ಕು ದಿನದಲ್ಲಿ ಹೊಡೆದು ಮುಗಿಸ್ತೀನಿ. ಜಾಸ್ತಿ ದಿನ ಇಡ್ಬೇಕು ಅಂದ್ರೆ ಕಲೆಸೋವಾಗ್ಲೇ ಅರ್ಧ ಪರ್ಸೆಂಟ್ ಪ್ರೊಪಿಯೋನಿಕ್ ಆಸಿಡ್ ಹಾಕ್ತಾರೆ, ಬೂಸ್ಟು ಬರಲ್ಲ, ಆದ್ರೆ ಅದು ಕೈ ಸುಡುತ್ತೆ, ಗ್ಲೌಸ್ ಹಾಕಿ. ಕೆಲವ್ರು ಚಕ್ಕೆ ಎಣ್ಣೆ ನಾಲ್ಕು ಹನಿ ಹಾಕ್ತಾರೆ. ನಾನೊಂದ್ಸಲ ಏನೂ ಹಾಕದೆ ಗ್ಯಾರೇಜಲ್ಲಿ ಬಿಟ್ಟು ಊರಿಗೆ ಹೋಗಿ ಬಂದೆ, ಆ ವಾಸನೆ ಬೇಡಪ್ಪ. ನಾನು ಕೊಡಗಿನವನು, ಹಂದಿ ಚರ್ಮದ ಜೆಲಟಿನ್ ಅಂದ್ರೆ ನನಗೇನೂ ಅನ್ಸಲ್ಲ, ಮನೆಯವಳು ಸಸ್ಯಾಹಾರಿ, ಆವತ್ತಿಂದ ಇದಕ್ಕೆ ಬೇರೆ ಫ್ರಿಜ್ಜು.

ಶೂಟಿಂಗ್ ರೇಂಜಿಗೆ ಐಸ್‌ಬಾಕ್ಸಲ್ಲಿ ತಗೊಂಡು ಹೋಗಿ, ಮೊದ್ಲೇ ರೇಂಜಿನೋರನ್ನ ಕೇಳಿ, ಹಿಂದೆ ಮಣ್ಣಿನ ದಿಬ್ಬ ಇರ್ಲೇಬೇಕು. ಹೊರಗೆ ತೆಗೆದ ಅರ್ಧ ಗಂಟೆ ಒಳಗೆ ಹೊಡೀರಿ, ನಮ್ ಬಿಸಿಲಿಗೆ ಇನ್ನೂ ಬೇಗ. ರೈಫಲ್ ಆದ್ರೆ ಎರಡು ಬ್ಲಾಕ್ ಸಾಲಾಗಿ ಇಡಿ, ಒಂದರಲ್ಲಿ ನಿಲ್ಲದೆ ಆಚೆ ಹೋಗ್ಬಹುದು.

ಇಷ್ಟೆಲ್ಲಾ ತಲೆನೋವು ಬೇಡ ಅಂದ್ರೆ ಕ್ಲಿಯರ್ ಸಿಂಥೆಟಿಕ್ ಜೆಲ್ ಸಿಗುತ್ತೆ, ಫ್ರಿಜ್ ಬೇಡ, ಬೂಸ್ಟು ಬರಲ್ಲ, ಮತ್ತೆ ಮತ್ತೆ ಕರಗಿಸ್ಬಹುದು. ಆದ್ರೆ ಅದು ಎಣ್ಣೆ ಪದಾರ್ಥ, ಕರಗೋಕೆ ಕುದಿಯೋ ನೀರಿಗಿಂತ ಜಾಸ್ತಿ ಬಿಸಿ ಬೇಕು, ಮನೆ ಒಳಗೆ ಬೇಡ, ಮತ್ತೆ ಅದರ ಅಳತೆ ಇದರ ಅಳತೆ ಒಂದೇ ಅಲ್ಲ.

ಹೊಡೆದ ಬ್ಲಾಕನ್ನ ಕರಗಿಸಿ ಸೋಸಿ ಒಂದೆರಡು ಸಲ ಮತ್ತೆ ಅಚ್ಚು ಹಾಕ್ಬಹುದು, ಪ್ರತಿ ಸಲ ಬಿಬಿ ಟೆಸ್ಟ್ ಮಾಡ್ಬೇಕು ಅಷ್ಟೇ. ಬಿಸಾಕೋದಾದ್ರೆ ಕಸಕ್ಕೆ ಹಾಕಿ, ಕರಗಿಸಿ ಸಿಂಕಿಗೆ ಮಾತ್ರ ಸುರೀಬೇಡಿ, ಪೈಪಲ್ಲಿ ಗಟ್ಟಿಯಾಗಿ ಕೂತ್ರೆ ಬಂದ ಪ್ಲಂಬರ್‌ಗೆ ಏನಂತ ಹೇಳ್ತೀರಾ.