ಕಾಗದದ ಹೂ: ಮುಳ್ಳು ಬಂತು, ಹೂ ಯಾಕೆ ಬರಲಿಲ್ಲ?

ಬೋಗನ್‌ವಿಲ್ಲಾ, ಅಂದರೆ ಕಾಗದದ ಹೂವಿನ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ. ಬೇರೆ ಬೇರೆಯವರು ಬರೆದಿದ್ದರೂ ಹೆಚ್ಚಿನವು ಒಂದೇ ಪ್ರಶ್ನೆ. ಹಿಂದೆಯೂ ಉತ್ತರ ಕೊಟ್ಟಿದ್ದೆ, ಮತ್ತೆ ಅದೇ ಬರುತ್ತಿದೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಗುಂಡಿ ಎಷ್ಟು ಆಳ, ಮಣ್ಣು ಹೇಗೆ ತುಂಬಬೇಕು ಅನ್ನುವುದನ್ನೆಲ್ಲ ಬರೆಯಲು ಹೋಗುವುದಿಲ್ಲ. ನೀರು ನಿಲ್ಲದ ಮಣ್ಣು ಬೇಕು, ಅಷ್ಟು ಗೊತ್ತಿದ್ದರೆ ಸಾಕು.

ಪ್ರಶ್ನೆ: ಗಿಡ ತಂದು ಎರಡು ವರ್ಷವಾಯಿತು. ತಂದಾಗ ಮೈತುಂಬ ಹೂವಿತ್ತು. ದಿನಾ ನೀರು ಹಾಕುತ್ತೇನೆ, ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡುತ್ತೇನೆ. ಎಲೆ ಹಚ್ಚಗೆ ಹೊಳೆಯುತ್ತಿದೆ, ಉದ್ದುದ್ದ ಕೊಂಬೆ ಬಂದಿದೆ, ಮುಳ್ಳಂತೂ ಕೇಳಲೇಬೇಡಿ. ಆದರೆ ಒಂದು ಹೂವೂ ಇಲ್ಲ. ಏನು ಹಾಕಬೇಕು?

ಏನೂ ಹಾಕಬೇಡಿ. ಇಷ್ಟು ದಿನ ಹಾಕಿದ್ದೇ ಜಾಸ್ತಿಯಾಗಿದೆ.

ನಿಮ್ಮ ಗಿಡಕ್ಕೆ ಕಾಯಿಲೆ ಇಲ್ಲ. ಅದು ಸುಖವಾಗಿದೆ, ಹೂ ಬಿಡುವ ಯೋಚನೆಯೇ ಅದಕ್ಕಿಲ್ಲ. ನೀವು ಬರೆದ ಮುಳ್ಳಿನ ಮಾತಿನಲ್ಲೇ ಉತ್ತರವಿದೆ. ಈ ಗಿಡದಲ್ಲಿ ಎಲೆಯ ಬುಡದಿಂದ ಒಂದು ಸಣ್ಣ ಮೊಳಕೆ ಹೊರಡುತ್ತದೆ. ಅದೇ ಮೊಳಕೆ ಮುಳ್ಳೂ ಆಗಬಹುದು, ಹೂಗೊಂಚಲೂ ಆಗಬಹುದು. ನಂಬಿಕೆ ಬಾರದಿದ್ದರೆ ಹೂವಿರುವ ಒಂದು ಕೊಂಬೆಯನ್ನೂ ಬರೀ ಎಲೆಯ ಕೊಂಬೆಯನ್ನೂ ಪಕ್ಕಪಕ್ಕ ಹಿಡಿದು ನೋಡಿ. ಒಂದರಲ್ಲಿ ಮುಳ್ಳು ಎದ್ದ ಜಾಗದಿಂದಲೇ ಇನ್ನೊಂದರಲ್ಲಿ ಹೂವಿನ ತೊಟ್ಟು ಎದ್ದಿರುತ್ತದೆ. ಬಿಸಿಲು ಕಡಿಮೆಯಾಗಿ, ನೀರು ಮತ್ತು ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಬೆಳೆಯುವ ಹುಮ್ಮಸ್ಸಿನಲ್ಲೇ ಇರುತ್ತದೆ, ಮೊಳಕೆ ಮುಳ್ಳಾಗುತ್ತದೆ. ಬಿಸಿಲು ಚೆನ್ನಾಗಿದ್ದು, ಬೇರಿಗೆ ಸ್ವಲ್ಪ ಬಾಯಾರಿಕೆಯಾಗಿ, ಹಗಲು ಗಿಡ್ಡವಾಗುತ್ತಾ ಬಂದರೆ ಅದೇ ಮೊಳಕೆ ಹೂವಿನ ಕಡೆ ತಿರುಗುತ್ತದೆ. ನಾವು ಮಾಡುವುದೆಲ್ಲ ಆ ಮೊಳಕೆಯನ್ನು ಹೂವಿನ ಕಡೆ ತಿರುಗಿಸುವ ಕೆಲಸ ಅಷ್ಟೇ.

ಮೊದಲು ಬಿಸಿಲು. ದಿನಕ್ಕೆ ಕಡಿಮೆ ಎಂದರೂ 5–6 ಗಂಟೆ ನೇರ ಬಿಸಿಲು ಬೇಕು. ಬೆಳಕಲ್ಲ, ಬಿಸಿಲು. "ನಮ್ಮ ಬಾಲ್ಕನಿಗೆ ಒಳ್ಳೆ ಬೆಳಕು ಬರುತ್ತೆ" ಎಂದು ಬರೆಯುವವರು ಗಡಿಯಾರ ಇಟ್ಟುಕೊಂಡು ಒಂದು ದಿನ ನೋಡಿ, ಎಲೆಯ ಮೇಲೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ. ಎರಡು ಗಂಟೆ ಅಂತ ಗೊತ್ತಾದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ, ಕುಂಡದ ಜಾಗ ಬದಲಿಸಿ. ಬಿಸಿಲಿಗೆ ಬದಲಾಗಿ ಕೊಡುವಂಥದ್ದು ಈ ಗಿಡಕ್ಕೆ ಬೇರೆ ಏನೂ ಇಲ್ಲ.

ಆಮೇಲೆ ನೀರು. ಇಲ್ಲಿ ಎರಡು ಥರದ ತಪ್ಪು ನೋಡಿದ್ದೇನೆ. ಒಂದು ನಿಮ್ಮದು, ದಿನಾ ಒಂದೊಂದು ಚೊಂಬು ಹಾಕುವುದು. ಮೇಲಿನ ಮಣ್ಣು ಯಾವಾಗಲೂ ಒದ್ದೆ, ಕೆಳಗಿನ ಬೇರಿಗೆ ಸರಿಯಾಗಿ ತಲುಪುವುದೂ ಇಲ್ಲ, ಮಣ್ಣು ಒಣಗುವುದೂ ಇಲ್ಲ. ಇನ್ನೊಂದು, "ಬರ ತಡೆಯುವ ಗಿಡ" ಎಂದು ಎಲ್ಲೋ ಓದಿ ನೀರನ್ನೇ ನಿಲ್ಲಿಸಿಬಿಡುವುದು. ಇದು ನನಗೆ ಜಾಸ್ತಿ ಬೇಸರ ತರಿಸುತ್ತದೆ, ಯಾಕಂದರೆ ಓದಿ ತಿಳಿದುಕೊಂಡವರೇ ಗಿಡ ಕೊಲ್ಲುತ್ತಾರೆ. ಬರ ತಡೆಯುವ ಶಕ್ತಿ ಇರುವುದು ಮಣ್ಣಿನೊಳಗೆ ಆಳಕ್ಕೆ ಇಳಿದ ಬೇರಿನಲ್ಲಿ. ನೆಲದಲ್ಲಿ ನೆಟ್ಟು ಒಂದೆರಡು ವರ್ಷವಾಗಿ ಬೇರು ಹರಡಿಕೊಂಡ ಗಿಡ ವಾರಗಟ್ಟಲೆ ನೀರಿಲ್ಲದೆ ಇರುತ್ತದೆ. ಹೋದ ತಿಂಗಳು ನೆಟ್ಟ ಸಸಿಗೆ ಆ ಬೇರೇ ಇಲ್ಲ. ಕುಂಡದ ಗಿಡಕ್ಕೆ ಇಳಿಯಲು ಜಾಗವೇ ಇಲ್ಲ. ಈ ಮೂರಕ್ಕೂ ಒಂದೇ ನಿಯಮ ಹೇಳುವವರ ಮಾತು ಕೇಳಬೇಡಿ.

ಕುಂಡದ ಗಿಡಕ್ಕೆ ಹೀಗೆ ಮಾಡಿ. ಕೊಡುವಾಗ ಹೊಟ್ಟೆ ತುಂಬ ಕೊಡಿ, ತಳದ ತೂತಿನಿಂದ ನೀರು ಹರಿಯುವಷ್ಟು. ಆಮೇಲೆ ಸುಮ್ನೆ ಬಿಡಿ. ಬೆರಳು ಚುಚ್ಚಿ ನೋಡಿದಾಗ ಎರಡು ಇಂಚು ಒಣಗಿರಬೇಕು, ಎಲೆ ಸ್ವಲ್ಪ ಮೆತ್ತಗಾಗಿರಬೇಕು. ಆಗ ಮತ್ತೆ ಕೊಡಿ. ಇದಕ್ಕೆ ಎರಡು ದಿನವೂ ಆಗಬಹುದು, ಎಂಟು ದಿನವೂ ಆಗಬಹುದು. ಕುಂಡ, ಮಣ್ಣು, ಹವೆ ನೋಡಿಕೊಂಡು ಹೇಳಬೇಕೇ ಹೊರತು "ಮೂರು ದಿನಕ್ಕೊಮ್ಮೆ" ಎಂದು ಕೂತಲ್ಲಿಂದ ಹೇಳಲಾಗುವುದಿಲ್ಲ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರು ಚೆಲ್ಲಿಬಿಡಿ.

ಎಲೆ ಬಾಡಿದ್ದು ಕಂಡ ಕೂಡಲೇ ನೀರಿನ ಕ್ಯಾನ್ ಹಿಡಿದು ಓಡಬೇಡಿ. ಮಟಮಟ ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ಝಳ, ಏನೂ ಮಾಡಬೇಕಿಲ್ಲ. ಮರುದಿನ ಬೆಳಿಗ್ಗೆಯೂ ಜೋತು ಬಿದ್ದಿದ್ದು ಮಣ್ಣು ಒಣಗಿದ್ದರೆ ಬಾಯಾರಿದೆ, ನೀರು ಕೊಡಿ. ಮಣ್ಣು ಒದ್ದೆಯಾಗಿದ್ದೂ ಎಲೆ ಜೋತು ಬಿದ್ದಿದ್ದರೆ ಬೇರು ಕೊಳೆಯುತ್ತಿದೆ ಎಂದೇ ಅನುಮಾನಿಸಿ. ಆಗ ಇನ್ನೂ ನೀರು ಹಾಕಿದರೆ ಗಿಡ ಹೋಯಿತು ಎಂದೇ ತಿಳಿಯಿರಿ. ನನಗೆ ಬರುವ "ನೀರು ಹಾಕುತ್ತಲೇ ಇದ್ದೆ, ಆದರೂ ಒಣಗಿಹೋಯಿತು" ಅನ್ನುವ ಪತ್ರಗಳೆಲ್ಲ ಈ ಕೊನೆಯ ಥರದವು.

ಒಂದು ಎಚ್ಚರಿಕೆ. ಬಾಯಾರಿಸುವುದು ಮೊಗ್ಗು ಕಾಣಿಸುವ ತನಕ ಮಾತ್ರ. ಕೊಂಬೆಯ ತುದಿಯಲ್ಲಿ ಬಣ್ಣ ಇಣುಕಿದ ಮೇಲೆ ನೀರು ಕ್ರಮವಾಗಿ ಕೊಡಿ. ಆಗಲೂ ಒಣಗಿಸಿದರೆ ಬಂದ ಹೂವೆಲ್ಲ ಉದುರುತ್ತದೆ.

ಮೂರನೆಯದು ಗೊಬ್ಬರ. ಹದಿನೈದು ದಿನಕ್ಕೊಮ್ಮೆ ಕೊಡುತ್ತಿರುವುದು ಏನು ಅಂತ ನೀವು ಬರೆದಿಲ್ಲ. ಯೂರಿಯಾ ಅಥವಾ ಸಾರಜನಕ ಜಾಸ್ತಿ ಇರುವ ಯಾವುದೇ ಗೊಬ್ಬರವಾದರೆ ಇವತ್ತೇ ನಿಲ್ಲಿಸಿ, ಎಲೆ ಹಾಗೆ ಹೊಳೆಯುತ್ತಿರುವುದು ಅದರಿಂದಲೇ. ನೆಲದಲ್ಲಿರುವ ಗಿಡಕ್ಕೆ ವರ್ಷಕ್ಕೊಂದು ಸಲ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಕುಂಡದ ಗಿಡಕ್ಕೆ, ಹೂವಿನ ಒಂದು ಸುತ್ತು ಮುಗಿದು ಸವರಿದ ಮೇಲೆ, ಸಮತೋಲದ ಗೊಬ್ಬರ ಸ್ವಲ್ಪ ಕೊಡಿ. ಡಬ್ಬಿಯ ಮೇಲೆ ಬರೆದದ್ದರ ಅರ್ಧ ಪ್ರಮಾಣ ಅಂತಲೇ ನಾನು ಹೇಳುವುದು. ಕಡಿಮೆಯಾದರೆ ಸರಿಮಾಡಬಹುದು, ಜಾಸ್ತಿಯಾದರೆ ಬೇರು ಸುಡುತ್ತದೆ.

ಕೊನೆಗೆ ಕತ್ತರಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಹೂ ಉದುರಿದ ಮೇಲೆ ಆ ಕೊಂಬೆಗಳನ್ನು ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ಕತ್ತರಿಸಿ. ನೆಟ್ಟಗೆ ಬಾಣದ ಹಾಗೆ ಹೋಗುವ ದಪ್ಪ ಕೊಂಬೆ ಇರುತ್ತದಲ್ಲ, ಅದು ಎಲೆ ಮತ್ತು ಮುಳ್ಳಿನ ಕೊಂಬೆ, ಅದನ್ನು ಗಿಡ್ಡ ಮಾಡಿ ಕವಲೊಡೆಯಲು ಬಿಡಿ. ಆಮೇಲೆ ಒಂದೆರಡು ತಿಂಗಳು ಕತ್ತರಿ ಮುಟ್ಟಬೇಡಿ. ಅಂದಕ್ಕೆ ಅಂತ ವಾರವಾರ ತುದಿ ಕತ್ತರಿಸುವವರಿಗೆ ಹೂ ಯಾವತ್ತೂ ಬರುವುದಿಲ್ಲ, ಯಾಕಂದರೆ ಅವರು ಕತ್ತರಿಸಿ ಬಿಸಾಡುವ ತುದಿಯಲ್ಲೇ ಹೂ ಇರುವುದು. ಸುಮ್ಮನಿರಲು ಕಷ್ಟವಾಗುತ್ತದೆ, ನನಗೆ ಗೊತ್ತು. ಆದರೂ ಇರಿ.

ಒಂದು ಮಾತು ತಿಳಿದಿರಲಿ. ಇದು ದಕ್ಷಿಣ ಅಮೆರಿಕದ ಗಿಡ. ಫ್ರೆಂಚ್ ನಾವಿಕ ಬೂಗನ್‌ವಿಲ್ ಅವರ ಹಡಗುಗಳು ಜಗತ್ತು ಸುತ್ತಲು ಹೊರಟಾಗ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಫಿಲಿಬರ್ ಕಾಮರ್ಸನ್ 1767ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಇದನ್ನು ಸಂಗ್ರಹಿಸಿದರು. ಹೆಸರು ಬಂದದ್ದು ಹಾಗೆ. ತವರಿನಲ್ಲಿ ಮಳೆಗಾಲ ಮುಗಿದು ಒಣ ಕಾಲ ಬಂದಾಗ ಹೂ ಬಿಟ್ಟು ಅಭ್ಯಾಸವಾದ ಗಿಡ ಇದು. ನೀವು ವರ್ಷಪೂರ್ತಿ ಮಳೆಗಾಲ ಮಾಡಿಟ್ಟರೆ ಅದು ಒಣ ಕಾಲಕ್ಕೆ ಕಾಯುತ್ತಲೇ ಇರುತ್ತದೆ.

ಇನ್ನು, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಕುದಿಸಿದ ಟೀ ಪುಡಿ, ಸಕ್ಕರೆ ನೀರು, ಬುಡಕ್ಕೆ ತುಕ್ಕು ಹಿಡಿದ ಮೊಳೆ. ಇವುಗಳ ಬಗ್ಗೆ ಕೇಳಿದ ಎಲ್ಲರಿಗೂ ಒಟ್ಟಿಗೆ ಹೇಳುತ್ತೇನೆ: ಬೇಡ. ಏಳೇ ದಿನದಲ್ಲಿ ಹೂ ಬರಿಸುವ ದ್ರಾವಣ ಅಂತ ಬಾಟಲಿ ಮಾರುವವರು ಮೋಸ ಮಾಡುತ್ತಿದ್ದಾರೆ. ಚಿಗುರಿ, ಬಲಿತು, ಮೊಗ್ಗಾಗಲು ಈ ಗಿಡಕ್ಕೆ ವಾರಗಳು ಬೇಕು. ಏಳನೇ ದಿನ ಹೂ ಕಂಡರೆ, ಆ ಮೊಗ್ಗು ಬಾಟಲಿ ತೆರೆಯುವ ಮೊದಲೇ ಅಲ್ಲಿತ್ತು.

ಪ್ರಶ್ನೆ: ಎಪ್ಸಮ್ ಉಪ್ಪು ಹಾಕಿದರೆ ಹೂ ಜಾಸ್ತಿ ಬರುತ್ತದಂತೆ, ನಿಜವಾ?

ಅದು ಮೆಗ್ನೀಸಿಯಂ ಸಲ್ಫೇಟ್. ಮಣ್ಣಿನಲ್ಲಿ ಮೆಗ್ನೀಸಿಯಂ ಕೊರತೆ ಇದ್ದರೆ ಉಪಯೋಗ, ಇಲ್ಲದಿದ್ದರೆ ಕುಂಡದಲ್ಲಿ ಸುಮ್ನೆ ಉಪ್ಪು ಸೇರಿಸಿದ ಹಾಗೆ. ಕೊರತೆ ಇದ್ದರೆ ಹಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಅದೇ ಹಳದಿ ಹೊಸ ಚಿಗುರಿನಲ್ಲಿ ಕಂಡರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ, ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಹಾಗಾಗುತ್ತದೆ. ಎಲೆ ನೋಡದೆ ಯಾವುದನ್ನೂ ಹಾಕಬೇಡಿ.

ಪ್ರಶ್ನೆ: ಒಂದೇ ಗಿಡದಲ್ಲಿ ಬಿಳಿ ಮತ್ತು ಗುಲಾಬಿ ಎರಡೂ ಬರುತ್ತಿದೆ. ಬುಡಕ್ಕೆ ಬಣ್ಣದ ನೀರು ಹಾಕಿ ಮಾಡುತ್ತಾರೆ ಅಂತ ಹೇಳಿದರು.

ಹೇಳಿದವರು ಸುಳ್ಳು ಹೇಳಿದ್ದಾರೆ. ನೀವು ಹೂ ಅನ್ನುವುದು ನಿಜಕ್ಕೂ ಬಣ್ಣದ ಎಲೆ. ಅಂಥ ಮೂರು ಎಲೆ ಸೇರಿ ಒಂದು ಗುಂಪು, ನಡುವೆ ಕಡ್ಡಿಯ ಹಾಗೆ ಕಾಣುವ ಸಣ್ಣ ಬಿಳಿ ಕೊಳವೆಗಳೇ ಹೂ. ಆ ಎಲೆಯ ಬಣ್ಣ ಗಿಡದೊಳಗೇ ತಯಾರಾಗುತ್ತದೆ, ಬೀಟ್‌ರೂಟಿನಲ್ಲಿರುವ ಬಣ್ಣದ ಜಾತಿಯದ್ದೇ ಅದು. ಬುಡಕ್ಕೆ ಏನು ಸುರಿದರೂ ಬದಲಾಗುವುದಿಲ್ಲ. ನಿಮ್ಮದು ಬಹುಶಃ ಮೇರಿ ಪಾಮರ್ ತಳಿ ಅಥವಾ ಅದರ ನೆಂಟ. ಅದರ ಅಂಗಾಂಶದಲ್ಲೇ ಎರಡು ಥರದ ಜೀವಕೋಶಗಳು ಒಟ್ಟಿಗಿರುತ್ತವೆ, ಹಾಗಾಗಿ ಒಂದೇ ಕೊಂಬೆಯಲ್ಲೂ ಎರಡು ಬಣ್ಣ ಬರುತ್ತದೆ. ಒಂದು ಬುಡಕ್ಕೆ ಬೇರೆ ಬೇರೆ ಬಣ್ಣದ ಕಸಿ ಕಟ್ಟಿದ ಗಿಡವೂ ಆಗಿರಬಹುದು. ಕಸಿ ಗಿಡವಾದರೆ, ಕಸಿಯ ಕೆಳಗಿನಿಂದ ಬರುವ ಚಿಗುರನ್ನು ಆಗಿಂದಾಗ ಕಿತ್ತುಹಾಕಿ. ಬಿಟ್ಟರೆ ಅದೇ ಇಡೀ ಗಿಡವನ್ನು ನುಂಗುತ್ತದೆ.

ಪ್ರಶ್ನೆ: ಕಡ್ಡಿ ನೆಟ್ಟೆ. ಹತ್ತೇ ದಿನಕ್ಕೆ ಎಲೆ ಬಂತು. ತಿಂಗಳಾದ ಮೇಲೆ ಒಣಗಿತು.

ಎಲೆ ಬಂದಿತ್ತು, ಬೇರು ಬಂದಿರಲಿಲ್ಲ. ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದಲೇ ಎಲೆ ಒಡೆಯುತ್ತದೆ, ಅದು ಖಾಲಿಯಾಗುವುದರೊಳಗೆ ಬೇರು ಬರಬೇಕು. ತೀರಾ ಎಳೆಯದೂ ಅಲ್ಲದ, ತೀರಾ ಮುದಿಯೂ ಅಲ್ಲದ, ಪೆನ್ಸಿಲ್ ದಪ್ಪದ 6–8 ಇಂಚಿನ ಕಡ್ಡಿ ತೆಗೆದುಕೊಳ್ಳಿ. ಎಲೆಯೆಲ್ಲ ತೆಗೆಯಿರಿ. ದಪ್ಪ ಮರಳಿನಲ್ಲಿ, ನೆರಳಿನಲ್ಲಿ ಇಡಿ, ತೇವ ಇರಲಿ, ಕೆಸರಾಗದಿರಲಿ. ಬೇರು ಬರಿಸುವ ಹಾರ್ಮೋನ್ ಪುಡಿ ಸಿಕ್ಕರೆ ಬಳಸಿ. ಜೇನುತುಪ್ಪ, ದಾಲ್ಚಿನ್ನಿ ಅದಕ್ಕೆ ಬದಲಿಯಲ್ಲ. ಎರಡು ಮೂರು ತಿಂಗಳು ಬೇಕಾದೀತು. ಬೇರು ಬಂತಾ ಅಂತ ಎಳೆದು ನೋಡಬೇಡಿ, ಬಂದ ಬೇರೂ ಹರಿಯುತ್ತದೆ. ಕೆಲವು ತಳಿ ಎಷ್ಟು ಮಾಡಿದರೂ ಸುಲಭಕ್ಕೆ ಬೇರು ಬಿಡುವುದಿಲ್ಲ, ಅದಕ್ಕಾಗಿ ಒಂದು ಕಡ್ಡಿ ನೆಡುವ ಕಡೆ ಹತ್ತು ನೆಡಿ.

ಪ್ರಶ್ನೆ: ಪ್ರತಿ ವರ್ಷ ದೊಡ್ಡ ಕುಂಡಕ್ಕೆ ಬದಲಿಸಬೇಕಲ್ವಾ?

ಬೇಡ. ಬೇರು ಸ್ವಲ್ಪ ಬಿಗಿಯಾಗಿದ್ದರೇ ಈ ಗಿಡ ಚೆನ್ನಾಗಿ ಹೂ ಬಿಡುತ್ತದೆ. ನೀರು ಹಾಕಿದರೆ ಒಂದೇ ದಿನಕ್ಕೆ ಒಣಗುವ ಸ್ಥಿತಿ ಬಂದಾಗ ಒಂದು ಅಳತೆ ದೊಡ್ಡದಕ್ಕೆ ಬದಲಿಸಿ, ಆಗಲೂ ಬೇರಿನ ಮಣ್ಣನ್ನು ಒಡೆಯಬೇಡಿ. ಇದರ ಎಳೆ ಬೇರು ತುಂಬ ಸೂಕ್ಷ್ಮ. ವರ್ಷಗಳ ಹಿಂದೆ, ಹಳೆ ಮಣ್ಣು ಪೂರ್ತಿ ತೊಳೆದು ಹೊಸ ಮಣ್ಣು ಹಾಕಿದರೆ ಒಳ್ಳೆಯದು ಅಂತ ಒಬ್ಬರು ಹೇಳಿದ್ದನ್ನು ನಂಬಿ ಹಾಗೇ ಮಾಡಿದೆ. ಎಂಟು ವರ್ಷದ ಗಿಡ ಎರಡೇ ವಾರದಲ್ಲಿ ಹೋಯಿತು. ಆ ನೋವು ಇನ್ನೂ ಇದೆ. ಅದಕ್ಕೇ ಇದರಲ್ಲಿ ನಾನು ಅತಿ ಜಾಗ್ರತೆ ಹೇಳುತ್ತೇನೆ ಅನ್ನಿಸಿದರೂ ಪರವಾಗಿಲ್ಲ, ಕೇಳಿ.

ಪ್ರಶ್ನೆ: ಎಲೆಯ ಅಂಚನ್ನೆಲ್ಲ ಏನೋ ತಿಂದಿದೆ, ಹಗಲು ಹುಳು ಕಾಣುವುದಿಲ್ಲ.

ರಾತ್ರಿ ಟಾರ್ಚ್ ಹಿಡಿದು ನೋಡಿ, ಕಡ್ಡಿಯ ಬಣ್ಣದ್ದೇ ಸಣ್ಣ ಹುಳು ಸಿಗುತ್ತದೆ, ಕೈಯಲ್ಲೇ ತೆಗೆಯಿರಿ.

ಪ್ರಶ್ನೆ: ಮನೆಯೊಳಗೆ ಇಡಬಹುದಾ?

ಇಲ್ಲ.

ಪ್ರಶ್ನೆ: ಮಕ್ಕಳಿರುವ ಮನೆ. ಗೇಟಿನ ಪಕ್ಕ ಹಬ್ಬಿಸಬೇಕು ಅಂತಿದ್ದೇವೆ.

ಕಮಾನಿನ ಹಾಗೆ ಹಬ್ಬಿದರೆ ಚೆಂದ, ನಿಜ. ಆದರೆ ಮಕ್ಕಳು ಓಡಾಡುವ ದಾರಿಯಲ್ಲಿ ನಾನಾದರೆ ನೆಡುವುದಿಲ್ಲ. ಕೊಂಬೆ ಒಂದೇ ಮಳೆಗಾಲದಲ್ಲಿ ಅಷ್ಟು ದೂರ ಚಾಚುತ್ತದೆ, ಮುಳ್ಳು ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕೆ ಬಂದು ನಿಲ್ಲುತ್ತದೆ. ನೆಡಲೇಬೇಕು ಎಂದರೆ ದಾರಿಯಿಂದ ನಾಲ್ಕೈದು ಅಡಿ ಒಳಗೆ ನೆಟ್ಟು, ತಂತಿಗೆ ಕಟ್ಟಿ ಮೇಲಕ್ಕೆ ಹತ್ತಿಸಿ. ಸವರುವಾಗ ಕನ್ನಡಕ, ದಪ್ಪ ಕೈಗವಸು, ಮುಚ್ಚಿದ ಶೂ ಮೂರೂ ಇರಲಿ. ಇದರ ಮುಳ್ಳು ಆಳಕ್ಕೆ ಹೋಗುತ್ತದೆ, ತುದಿ ಒಳಗೇ ಮುರಿದು ಉಳಿಯುವುದೂ ಇದೆ. ಚುಚ್ಚಿದ ಜಾಗ ಊದಿದರೆ, ಕೆಂಪಾದರೆ ಅರಿಶಿನ ಮೆತ್ತಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ, ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು ಎಷ್ಟು ವರ್ಷವಾಯಿತು ಅಂತಲೂ ಹೇಳಿ. ಕತ್ತರಿಸಿದ ಕೊಂಬೆಗಳನ್ನು ಅಂಗಳದಲ್ಲಿ ಬಿಡದೆ ಅವತ್ತೇ ತೆಗೆಯಿರಿ, ಒಣಗಿದ ಮುಳ್ಳು ಹಸಿ ಮುಳ್ಳಿಗಿಂತ ಗಟ್ಟಿ.